ವೆಬ್‌ಸೈಟಿನಲ್ಲಿ ಮಾವನ ಕೈ

ಆ ಮನೆಯ ಮುಂದಿನ ಕೋಣೆ ಮಾವನ ಹೊಲಿಗೆ ಅಂಗಡಿ, ನಡುಮನೆಯಲ್ಲಿ ಊಟದ ಮೇಜು, ಆ ಮೇಜಿನ ಒಂದು ತುದಿ ಸೊಸೆಯ ಕಚೇರಿ. ಬೆಳಗಿನ ತಟ್ಟೆಗಳನ್ನು ಎತ್ತಿ ಮೇಜು ಒರೆಸಿದ ಕೂಡಲೇ ಅವಳು ಲ್ಯಾಪ್‌ಟಾಪ್ ತಂದಿಟ್ಟು ಕೂರುವಳು. ಮಧ್ಯಾಹ್ನ ಅತ್ತೆ ಅನ್ನದ ಪಾತ್ರೆ ಹಿಡಿದು ಪಕ್ಕದಲ್ಲಿ ಬಂದು ನಿಂತರೆ ಕಚೇರಿ ಬಾಗಿಲು ಮುಚ್ಚಿದಂತೆ. ಬೇರೆಯವರ ವೆಬ್‌ಸೈಟುಗಳಿಗೆ ಪುಟ ಬರೆದುಕೊಡುವುದು ಅವಳ ಕೆಲಸ. ನೀರಿನ ಟ್ಯಾಂಕು ಮಾರುವವರು, ಹಲ್ಲು ಕಟ್ಟುವವರು, ಜಿರಳೆ ಓಡಿಸುವವರು, ಎಲ್ಲರಿಗೂ ತಮ್ಮ ಬಗ್ಗೆ ನಾಲ್ಕು ಒಳ್ಳೆಯ ಮಾತು ಬೇಕು, ಬರೆಯಲು ಮಾತ್ರ ಯಾರಿಗೂ ಬಾರದು. ಅಂಥವರ ಕೆಲಸ ಹಿಡಿಯುವ ಒಂದು ಸಣ್ಣ ಕಚೇರಿ ಪೇಟೆಯಲ್ಲಿತ್ತು. ಅದರ ಮೇಡಂ ಹೇಳಿದ್ದನ್ನು ಸೊಸೆ ಮನೆಯಲ್ಲೇ ಕೂತು ಬರೆದು ಕಳಿಸುತ್ತಿದ್ದಳು.

"ಇವತ್ತು ಏನಮ್ಮಾ ಬರೀತಿರೋದು?" ಅತ್ತೆ ಅಂಗಿಗೆ ಗುಂಡಿ ಹಾಕುತ್ತ ಕೇಳುವರು.

"ಹಾಸಿಗೆ ಅತ್ತೆ."

"ಹಾಸಿಗೆ ಬಗ್ಗೆ ಬರೆಯೋಕೆ ಏನಿದೆ? ಮಲಗಿದ್ರೆ ನಿದ್ದೆ ಬರಬೇಕು, ಅಷ್ಟೇ."

"ಆ ಅಷ್ಟನ್ನೇ ಒಂದು ಪುಟ ಮಾಡ್ಬೇಕು."

"ನಿಂಗೆ ಸಂಬಳ ಕೊಡೋರಿಗೆ ಬುದ್ಧಿ ಇಲ್ಲ ಬಿಡು," ಎಂದು ಅತ್ತೆ ಹಲ್ಲಿನಲ್ಲಿ ದಾರ ತುಂಡರಿಸುವರು. ಅದರಲ್ಲಿ ಕುಹಕವೇನೂ ಇರಲಿಲ್ಲ. ಸೊಸೆಯ ಸಂಬಳ ಬಂದ ದಿನ ಮೊಟ್ಟೆ ತರಿಸುವವರೂ ಅವರೇ.

ಈ ಕೆಲಸದ ಬಗ್ಗೆ ಮನೆಯಲ್ಲಿ ನಿಜವಾದ ಜಂಬವಿದ್ದದ್ದು ಮಾವನಿಗೆ. ಬೀದಿಗೆಲ್ಲ ಅವರು ಮಾಸ್ಟರ್. ಕೋಟು ಹೊಲಿಯುವುದರಲ್ಲಿ ಎತ್ತಿದ ಕೈ. ಗಿರಾಕಿಯ ಹೆಗಲಿಗೆ ಟೇಪು ಹಿಡಿದರೆಂದರೆ ಸೊಸೆಯ ಮಾತು ಬಂದೇ ಬರಬೇಕು. "ನಮ್ಮ ಸೊಸೆ ಬರೆದದ್ದು ಓದಿದೀರಾ? ಎಂಥ ದಡ್ಡನಿಗೂ ಅರ್ಥ ಆಗುತ್ತೆ ಸ್ವಾಮಿ. ಆ ಟ್ಯಾಂಕಿನವರದ್ದು ನೋಡಿ, ಓದ್ತಾ ಓದ್ತಾ ನಂಗೇ ಒಂದು ಟ್ಯಾಂಕ್ ತಗೊಳ್ಳೋಣ ಅನ್ನಿಸ್ತು." ಗಿರಾಕಿ ತಪ್ಪಿಸಿಕೊಳ್ಳುವಂತಿರಲಿಲ್ಲ, ಟೇಪು ಕತ್ತಿನ ಸುತ್ತ ಇರುತ್ತಿತ್ತು. ಹೀಗೆ ಆ ಬೀದಿಯಲ್ಲಿ ಅವಳ ಪುಟಗಳಿಗೆ ಓದುಗರಿದ್ದರು. ಬೇರೆ ಯಾವ ಬೀದಿಯಲ್ಲೂ ಟ್ಯಾಂಕಿನ ಪುಟ ಬರೆದವರು ಯಾರೆಂದು ಯಾರೂ ಕೇಳಿರಲಿಕ್ಕಿಲ್ಲ.

ಮಾವನ ಕೈ ನಡುಗತೊಡಗಿದ್ದು ಯಾವಾಗ ಎಂದು ಮನೆಯವರು ಯಾರೂ ಬಾಯಿಬಿಟ್ಟು ಹೇಳಿಕೊಳ್ಳಲಿಲ್ಲ. ಮೊದಲು ಚಹಾದ ಲೋಟ ಅರ್ಧವೇ ತುಂಬುವ ರೂಢಿ ಬಂತು. ಕೈಹೊಲಿಗೆ ಪೂರ್ತಿ ಅತ್ತೆಯ ಪಾಲಿಗೆ ಹೋಯಿತು. ಆಮೇಲೆ ಸೂಜಿಗೆ ದಾರ ಪೋಣಿಸುವ ಕೆಲಸ ಮೊಮ್ಮಗಳದಾಯಿತು. ಎಲ್ಲರೂ ಗುಬ್ಬಿ ಎಂದು ಕರೆಯುವ ಆ ಹುಡುಗಿ ಶಾಲೆಗೆ ಹೊರಡುವ ಮುಂಚೆ ಸಾಲಾಗಿ ಸೂಜಿಗಳಿಗೆ ದಾರ ಹಾಕಿ ದಿಂಬಿಗೆ ಚುಚ್ಚಿಟ್ಟು ಹೋಗುತ್ತಿದ್ದಳು, ಗಿರಾಕಿಗಳ ಎದುರಿಗೆ ಅಜ್ಜ ಸೂಜಿಯ ಕಣ್ಣು ಹುಡುಕುತ್ತ ಕೂರಬಾರದೆಂದು. ಬಟ್ಟೆ ಕತ್ತರಿಸುವುದನ್ನು ಮಾತ್ರ ಮಾವ ಬಿಟ್ಟುಕೊಟ್ಟಿರಲಿಲ್ಲ. ಬಲಗೈ ಮಣಿಕಟ್ಟನ್ನು ಎಡಗೈಯಿಂದ ಅಮುಕಿ ಹಿಡಿದು, ಬಟ್ಟೆಯ ಮೇಲೆ ಚಾಕ್‌ಪೀಸಿನಿಂದ ಗೀಟು ಎಳೆಯುವರು. ಗೀಟು ಸೊಟ್ಟಗಾದರೆ ಗಿರಾಕಿಯ ಕಡೆ ತಿರುಗಿ, "ಈ ಚಾಕ್ ಸರಿ ಇಲ್ಲ ಕಣ್ರೀ," ಎಂದು ನಕ್ಕು, ಕೊಡವಿ, ಮತ್ತೆ ಎಳೆಯುವರು. ಚಾಕನ್ನು ಬೈದುಕೊಳ್ಳದ ದಿನವೇ ಇರಲಿಲ್ಲ.

"ಡಾಕ್ಟ್ರಿಗೆ ತೋರಿಸೋಣ ಅಪ್ಪಾ," ಎಂದು ಮಗ ಊಟದ ಹೊತ್ತಿಗೆ ತೆಗೆಯುವನು. ಅವನು ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಕೆಟ್ಟದ್ದನ್ನು ತೋರಿಸಿದರೆ ರಿಪೇರಿಯಾಗುತ್ತದೆ ಎಂಬುದು ಅವನ ನಂಬಿಕೆ.

"ಏನಿದೆ ತೋರಿಸೋಕೆ? ನಿನ್ನೆ ನಿದ್ದೆ ಆಗಿಲ್ಲ."

"ವರ್ಷದಿಂದ ನಿದ್ದೆ ಆಗಿಲ್ವಾ?"

"ಊಟ ಮಾಡೋ. ಬಂದ್ಬಿಟ್ಟ ದೊಡ್ಡ ಡಾಕ್ಟ್ರು."

ಅಲ್ಲಿಗೆ ಮಾತು ಮುಗಿಯುವುದು. ಇಂಥ ಹೊತ್ತಿನಲ್ಲಿ ನರರೋಗದ ಒಂದು ಕ್ಲಿನಿಕ್ಕಿನ ಕೆಲಸ ಸೊಸೆಯ ಕೈಗೆ ಬಂತು. ಕೈನಡುಕದ ಬಗ್ಗೆ ಒಂದು ಪುಟ ಬೇಕಾಗಿತ್ತು. ಅವಳು ಓದಿಕೊಂಡು, ಲಕ್ಷಣ, ಕಾರಣ, ಚಿಕಿತ್ಸೆ ಎಂದು ಶ್ರದ್ಧೆಯಿಂದ ಬರೆದು ಕಳಿಸಿದಳು. ಮೇಡಂ ತಿರುಗಿ ಕಳಿಸಿದರು. ಎರಡನೇ ಸಲ ಬರೆದದ್ದಕ್ಕೆ ಫೋನೇ ಮಾಡಿದರು.

"ಡಾಕ್ಟ್ರ ಪುಸ್ತಕ ಓದಿದ ಹಾಗಿದೆ. ಇದರಲ್ಲಿ ಮನುಷ್ಯ ಎಲ್ರೀ? ಓದೋರ ಹೆಬ್ಬೆರಳು ಪರದೆ ಮೇಲೇ ಕೂತಿರುತ್ತೆ, ಬೇಜಾರಾದ್ರೆ ತಳ್ಳಿಬಿಡ್ತಾರೆ. ಒಬ್ಬ ಮನುಷ್ಯನ್ನ ಕೂರಿಸಿ. ಅವನ ಕಷ್ಟ ನನ್ನ ಕಣ್ಣಿಗೆ ಕಾಣಬೇಕು."

ಫೋನ್ ಇಟ್ಟು ಅವಳು ತಲೆ ಎತ್ತಿದಳು. ಅಂಗಡಿಗೂ ನಡುಮನೆಗೂ ನಡುವಿನ ಪರದೆ ಅರ್ಧ ಸರಿದಿತ್ತು. ಮಾವ ಮಣಿಕಟ್ಟು ಅಮುಕಿ ಹಿಡಿದು ಗೀಟು ಎಳೆಯುತ್ತಿದ್ದರು.

ಅನ್ನ ಆಗುವಷ್ಟರಲ್ಲಿ ಪುಟ ಮುಗಿದಿತ್ತು. ಒಂದು ಸಾಲೂ ತಡವರಿಸಲಿಲ್ಲ. ಊರಿಗೆಲ್ಲ ಕೋಟು ಹೊಲಿದ ಮುದುಕ, ಪೋಣಿಸಿಟ್ಟ ಸೂಜಿಗಳ ದಿಂಬು, ಅಮುಕಿ ಹಿಡಿದ ಮಣಿಕಟ್ಟು, "ಈ ಚಾಕ್ ಸರಿ ಇಲ್ಲ" ಎಂಬ ನಗು, ಎಲ್ಲ ಬಂತು. ಮರೆಮಾಚಬೇಕೆಂಬ ಅರಿವು ಅವಳಿಗೆ ಇರಲಿಲ್ಲವೆಂದಲ್ಲ. ಮೊಮ್ಮಗಳನ್ನು ಮೊಮ್ಮಗ ಮಾಡಿದಳು, ಮನೆಯ ಮುಂದಿನ ಕೋಣೆಯನ್ನು ಮಾರುಕಟ್ಟೆಯ ಮೂಲೆಯಂಗಡಿ ಮಾಡಿದಳು, ಸಾಕಷ್ಟು ಬದಲಾಯಿಸಿದೆ ಎಂದುಕೊಂಡಳು. ಚಾಕ್‌ನ ಮಾತನ್ನು ತೆಗೆಯೋಣವೆಂದು ಒಮ್ಮೆ ಅನಿಸಿತು. ಆದರೆ ಪುಟದ ಜೀವವೇ ಅದು. ಹಾಗೆಯೇ ಉಳಿಸಿದಳು. ಕೊನೆಯಲ್ಲಿ ಆ ದರ್ಜಿ ಕ್ಲಿನಿಕ್ಕಿಗೆ ಹೋಗುತ್ತಾನೆ, ಮಾತ್ರೆಯ ಜೊತೆಗೆ ದಿನಾ ಬೆಳಿಗ್ಗೆ ಬಕೆಟ್ಟಿನಲ್ಲಿ ಒದ್ದೆ ಬಟ್ಟೆ ಹಿಂಡುತ್ತಾನೆ, ಕೆಲವೇ ವಾರಗಳಲ್ಲಿ ತನ್ನ ಸೂಜಿಗೆ ತಾನೇ ದಾರ ಪೋಣಿಸುತ್ತಾನೆ. ಇಂಥ ಪುಟಗಳು ಹಾಗೆಯೇ ಮುಗಿಯಬೇಕು.

"ಇದು! ಇದು ಬೇಕಾಗಿತ್ತು!" ಎಂದರು ಮೇಡಂ.

ಅವತ್ತು ಊಟಕ್ಕೆ ಕೂತಾಗ ಮಾವ ಎಂದಿನಂತೆ ಕೇಳಿದರು. "ಈಗ ಯಾರದ್ದಮ್ಮ ನಡೀತಿರೋದು?"

"ನರದ ಡಾಕ್ಟ್ರದ್ದು ಮಾವ."

"ಭೇಷ್. ಡಾಕ್ಟ್ರುಗಳೂ ನಿನ್ನ ಹತ್ರಾನೇ ಬರಬೇಕು."

ಅವಳು ಮೊಸರಿನ ಬಟ್ಟಲನ್ನು ಅವರ ಹತ್ತಿರಕ್ಕೆ ಸರಿಸಿದಳು. ಹೇಳುವುದಿದ್ದರೆ ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಮಾವ ಮಾರನೆಯ ದಿನದಿಂದಲೇ ಟೇಪು ಹಿಡಿದು, ಸೊಸೆ ಈಗ ನರದ ಡಾಕ್ಟರಿಗೆ ಬರೆಯುತ್ತಿದ್ದಾಳೆಂದು ಗಿರಾಕಿಗಳಿಗೆ ಸಾರತೊಡಗಿದರು.

ಅವಳು ಸಿಕ್ಕಿಬಿದ್ದದ್ದು ವಕೀಲರಿಂದ. ಪ್ರತಿವರ್ಷ ಮಾವನ ಹತ್ತಿರವೇ ಕರಿ ಕೋಟು ಹೊಲಿಸುವವರು. ಬಟ್ಟೆ ಕೊಟ್ಟು ಹೋಗಿ ವಾರವೂ ಆಗಿರಲಿಲ್ಲ, ಒಂದು ಬೆಳಿಗ್ಗೆ ಮತ್ತೆ ಬಂದರು. ಬಂದವರು ಕೂರಲಿಲ್ಲ.

"ಬನ್ನಿ ಸ್ವಾಮಿ, ಅಳತೆಗೆ ಹಾಕಿ ನೋಡೋಕೆ ಇನ್ನೂ ಸಮಯ ಇದೆ."

"ಅದಲ್ಲ ಮಾಸ್ಟರ್. ಕೋಟಿಗೇನೂ ಅವಸರ ಇಲ್ಲ. ಬಟ್ಟೆ ಬೇಕಾದ್ರೆ ವಾಪಸ್ ಕೊಡಿ. ನೀವು ಸ್ವಲ್ಪ ವಿಶ್ರಾಂತಿ ತಗೊಳ್ಳಿ."

"ವಿಶ್ರಾಂತಿನಾ? ನಂಗೇನಾಗಿದೆ?"

ವಕೀಲರು ಕೋರ್ಟಿನಲ್ಲಿ ಹೇಗೋ ಏನೋ, ಇಲ್ಲಿ ಮಾತಿಗೆ ತಡಕಾಡಿದರು. "ನಿಮ್ಮ ಸೊಸೆ ಬರೆದದ್ದು ಓದಿದೆವು. ನಮ್ಮ ಮನೆಯವಳಂತೂ ಕಣ್ಣೀರು ಹಾಕಿದಳು. ಇಷ್ಟು ದಿನ ಬರ್ತಿದೀವಿ, ನಮಗೆ ಗೊತ್ತೇ ಆಗಿರಲಿಲ್ಲ ನೋಡಿ."

"ಯಾವುದು ಬರೆದದ್ದು?"

ಪರದೆಯ ಈಚೆ ಸೊಸೆಗೆ ಎಲ್ಲ ಕೇಳಿಸುತ್ತಿತ್ತು. ಎದ್ದು ಓಡಿಹೋಗಿ ವಕೀಲರ ಬಾಯಿ ಮುಚ್ಚೋಣವೆನಿಸಿತು. ಏಳಲಿಲ್ಲ. ವಕೀಲರು ಫೋನ್ ತೆಗೆದು, ಪಾಪ, ಸಮಾಧಾನವಾಗಲೆಂದೇ, ನಿಧಾನವಾಗಿ ಓದಿದರು. "'ಗೀಟು ಸೊಟ್ಟಗಾಗುತ್ತದೆ. ಮುದುಕ ಗಿರಾಕಿಯ ಕಡೆ ನೋಡಿ ನಗುತ್ತಾನೆ. ಈ ಚಾಕ್ ಸರಿ ಇಲ್ಲ, ಎನ್ನುತ್ತಾನೆ.'"

ಅತ್ತೆಯ ಹೊಲಿಗೆ ಯಂತ್ರ ನಿಂತಿತು.

"ಹೌದು ಹೌದು," ಎಂದರು ಮಾವ ಕೊನೆಗೆ. "ಬರೀತಾಳೆ. ಚೆನ್ನಾಗಿ ಬರೀತಾಳೆ." ಕಪಾಟು ತೆರೆದು ಕರಿ ಬಟ್ಟೆಯನ್ನು ತೆಗೆದರು. ಕವರಿಗೆ ಹಾಕಲು ಹೋಗಿ ಹಾಕಲಾಗಲಿಲ್ಲ, ಕವರಿನ ಬಾಯಿ ಕೈಗೆ ಸಿಗಲಿಲ್ಲ. ಅತ್ತೆ ಎದ್ದು ಬಂದು ಹಾಕಿಕೊಟ್ಟರು.

ಮಧ್ಯಾಹ್ನ ಅತ್ತೆ ಅನ್ನದ ಪಾತ್ರೆಯನ್ನು ಮೇಜಿನ ಮೇಲೆ ಕುಕ್ಕಿದರು. ಸೊಸೆ ಬಡಿಸಲು ಹೋದರೆ ಸವಟು ಕಿತ್ತುಕೊಂಡರು. ಮಾವ ತಲೆ ತಗ್ಗಿಸಿಕೊಂಡು ತಿಂದರು. ನಡುಗುವ ಕೈಯಿಂದ ತುತ್ತು ಬಾಯಿಗೆ ಹೋಗುವುದನ್ನು ಅವಳು ನೋಡಬಾರದೆಂಬಂತೆ ಸ್ವಲ್ಪ ತಿರುಗಿ ಕೂತಿದ್ದರು. ಅವಳು ತನ್ನ ತಟ್ಟೆ ಪಕ್ಕಕ್ಕೆ ಸರಿಸಿದಳು.

"ಮಾವ, ನಾನು…"

"ಬೇಳೆ ಹಾಕೇ," ಎಂದರು ಮಾವ ಅತ್ತೆಗೆ.

ಗಂಡನಿಗೆ ಸುದ್ದಿ ಡಿಪೋದಲ್ಲೇ ತಲುಪಿತ್ತು. ಸಂಜೆ ಬಂದವನು ಕೈಗೆ ಅಂಟಿದ ಗ್ರೀಸನ್ನೂ ತೊಳೆಯಲಿಲ್ಲ.

"ನಮ್ಮಪ್ಪನ ಕೈನ ಮಾರಿಕೊಂಡ್ಯಾ ನೀನು?"

"ಮೆಲ್ಲಗೆ ಮಾತಾಡಿ, ಅವರಿಗೆ ಕೇಳ್ಸುತ್ತೆ."

"ಕೇಳ್ಸುತ್ತೆ ಅಂತ ಈಗ ಗೊತ್ತಾಯ್ತಾ? ಊರೆಲ್ಲ ಓದೋ ಹಾಗೆ ಬರೆಯುವಾಗ ಗೊತ್ತಾಗಲಿಲ್ವಾ?"

"ಹೆಸರು ಹಾಕಿಲ್ಲ ರೀ. ಅಂಗಡಿ ಬೇರೆ ಕಡೆ ಅಂತ ಬರ್ದಿದೀನಿ. ಹುಡುಗ ಅಂತ…"

"ಚಾಕ್, ಸೂಜಿ, ದಿಂಬು ಎಲ್ಲ ಇಟ್ಟು ಹೆಸರು ಮಾತ್ರ ತೆಗೆದ್ಯಾ? ಡಿಪೋದಲ್ಲಿ ಫಿಟ್ಟರ್ ಕೇಳ್ತಾನೆ, 'ಏನ್ ಗುರು, ನಿಮ್ಮಪ್ಪಂಗೆ ಹಂಗಾಗಿದ್ಯಂತೆ.' ನಾನು ಎಲ್ಲಿ ಮುಖ ಇಟ್ಕೊಳ್ಳಲಿ?"

ಅವಳಿಗೂ ಮುಖ ಇಟ್ಟುಕೊಳ್ಳಲು ಜಾಗವಿರಲಿಲ್ಲ. ಗುಬ್ಬಿ ಬಾಗಿಲ ಹತ್ತಿರ ನಿಂತು ಎಲ್ಲ ಕೇಳಿಸಿಕೊಂಡು, ಆಮೇಲೆ ಬಂದು ಸೆರಗು ಜಗ್ಗಿದಳು.

"ಅಮ್ಮಾ, ದಾರ ಪೋಣಿಸೋದು ನಾನು ತಾನೆ? ಹುಡುಗ ಅಂತ ಯಾಕೆ ಬರ್ದೆ?"

ಆ ಮೇಲಿನ ವಾರಗಳಲ್ಲಿ ಮನೆಯವರ ಬಾಯಿಗೆ ಬೀಗ ಬಿತ್ತು. ಸೊಸೆ ನಡುಮನೆಗೆ ಬಂದರೆ ಮಾತು ನಿಲ್ಲುವುದು. ಅತ್ತೆ ಪಕ್ಕದ ಮನೆಯವರ ಮಂಡಿನೋವಿನ ಕಥೆ ಹೇಳುತ್ತಿದ್ದವರು ಅರ್ಧಕ್ಕೆ ಬಿಟ್ಟು, "ಸಾಕಪ್ಪ, ಮೇಜಿನ ಆ ತುದಿಗೆ ಕಿವಿ ಇದೆ. ನಾಳೆ ಅವರ ಮಂಡೀನೂ ಕಂಪ್ಯೂಟರಿಗೆ ಬಂದೀತು," ಎನ್ನುವರು. ಗಂಡ ಫೋನ್ ಬಂದರೆ ಹೊರಗೆ ಹೋಗಿ ಮಾತಾಡುವನು. ಮೊದಲೆಲ್ಲ ಬೇಡ ಬೇಡವೆಂದರೂ ಕಿವಿಗೆ ಬೀಳುತ್ತಿದ್ದ ಮನೆಯ ಗಲಾಟೆ ಇಲ್ಲದೆ ಸೊಸೆಗೆ ಒಂದು ಸಾಲೂ ಬರೆಯಲಾಗಲಿಲ್ಲ. ಸೀಲಿಂಗ್ ಫ್ಯಾನಿನ ಪುಟವೊಂದನ್ನು ಬರೆದು ಅಳಿಸಿ, ಬರೆದು ಅಳಿಸಿ ಕೂತಳು.

ಅಂಗಡಿಗೆ ಜನ ಬರುವುದು ನಿಂತಿತೆಂದಲ್ಲ. ಬಂದರು, ಬಟ್ಟೆ ತರಲಿಲ್ಲ. ಒಬ್ಬಾಕೆ ಯಾವುದೋ ಎಣ್ಣೆ ತಂದುಕೊಟ್ಟು ಹೋದಳು. ಔಷಧಿ ಅಂಗಡಿಯವನು ತನ್ನ ಚಿಕ್ಕಪ್ಪನಿಗೂ ಹೀಗೇ ಆಗಿತ್ತೆಂದು ಉದ್ದಕ್ಕೆ ಹೇಳಿದ. ಎಲ್ಲರೂ ಮಾತಾಡುತ್ತ ಮಾಸ್ಟರ ಮುಖ ಬಿಟ್ಟು ಕೈ ನೋಡುತ್ತಿದ್ದರು. ಮಾವ ಕೈಗಳನ್ನು ಮೇಜಿನ ಕೆಳಗೆ ಇಟ್ಟುಕೊಂಡು ಕೂರುವುದನ್ನು ಕಲಿತರು. ಸೊಸೆಯ ಬಗ್ಗೆ ಜಂಬದ ಒಂದು ಮಾತೂ ಆ ಅಂಗಡಿಯಲ್ಲಿ ಮತ್ತೆ ಕೇಳಲಿಲ್ಲ.

"ನಿಮ್ಮ ಮಾವ ಈಗ ನನ್ನ ಕೈಲಿ ಬಟ್ಟೆ ಒಗೆಸೋದೂ ಬಿಟ್ಟಿದಾರೆ," ಎಂದು ಅತ್ತೆ ಒಂದು ದಿನ ಸೊಸೆಯ ಕಡೆ ನೋಡದೆ ಪಾತ್ರೆಗಳಿಗೆ ಹೇಳಿದರು. "ಬೆಳಿಗ್ಗೆ ಬಚ್ಚಲಿಗೆ ಸೇರ್ಕೊಂಡು ತಾವೇ ಹಿಂಡ್ತಾ ಕೂರ್ತಾರೆ. ಮಧ್ಯಾಹ್ನ ದಾರ ತರ್ತೀನಿ ಅಂತ ಹೋಗ್ತಾರೆ, ದಾರ ಬರಲ್ಲ. ಈ ವಯಸ್ಸಲ್ಲಿ ಇಂಥ ಮುನಿಸು. ಯಾರಿಂದ ಅಂತ ನಾನು ಹೇಳಲ್ಲ."

ಸೊಸೆಗೆ ಪಾತ್ರೆಗಳ ನಡುವೆ ಅಲ್ಲಿಯೇ ನೆಲಕ್ಕೆ ಇಳಿದುಹೋದರೆ ಸಾಕೆನಿಸಿತು. ಕೈ ಒರೆಸಿಕೊಂಡು, ಸೀರೆ ಸರಿಮಾಡಿಕೊಂಡು, ನೇರ ಪೇಟೆಯ ಕಚೇರಿಗೆ ಹೊರಟಳು.

ಮೇಡಂ ಖುಷಿಯಲ್ಲಿದ್ದರು. ಅವಳನ್ನು ಕೂರಿಸಿ, ಚಹಾ ತರಿಸಿದರು. "ನಿಮ್ಮ ದರ್ಜಿ ಪುಟ ಇದೆಯಲ್ಲ, ನಮ್ಮ ಎಲ್ಲ ಪುಟಗಳಿಗಿಂತ ಮುಂದೆ ಓಡ್ತಿದೆ. ಕ್ಲಿನಿಕ್‌ನವರ ಫೋನು ನಿಂತಿಲ್ವಂತೆ."

"ಅದನ್ನ ತೆಗೀಬೇಕು ಮೇಡಂ."

"ತೆಗೀಬೇಕಾ? ಯಾಕೆ?"

"ಅದು ನಮ್ಮ ಮಾವ. ಎಲ್ಲರಿಗೂ ಗೊತ್ತಾಗಿಹೋಗಿದೆ."

"ಹೆಸರೇ ಇಲ್ವಲ್ಲ."

"ಹೆಸರು ಬೇಕಾಗಲಿಲ್ಲ ಮೇಡಂ."

"ಅಂದ್ರೆ ಅಷ್ಟು ಚೆನ್ನಾಗಿ ಬರ್ದಿದೀರಿ ಅಂತಾಯ್ತು." ಹಿಂದೆ ಈ ಒಂದು ಮಾತಿಗೆ ಅವಳು ವಾರಗಟ್ಟಲೆ ದುಡಿಯುತ್ತಿದ್ದಳು. ಇವತ್ತು ಕೆನ್ನೆಗೆ ಹೊಡೆದ ಹಾಗಾಯಿತು. ಮೇಡಂ ಮುಂದೆ ಬಾಗಿ ದನಿ ತಗ್ಗಿಸಿದರು. "ನೋಡಿ, ಅವರು ಇನ್ನೊಂದೆರಡು ಕೇಳ್ತಿದಾರೆ. ಮರೆವಿನ ಬಗ್ಗೆ ಒಂದು, ಬೆನ್ನುನೋವಿನ ಬಗ್ಗೆ ಒಂದು. ಮನೇಲಿ ಬೇರೆ ಯಾರಾದ್ರೂ ಇದಾರಾ?"

ಚಹಾದ ಲೋಟ ಹಾಗೇ ಇಟ್ಟು ಸೊಸೆ ಎದ್ದು ನಿಂತಳು. ಅಳು ಬರುವುದೆಂದುಕೊಂಡಿದ್ದಳು, ಸಿಟ್ಟು ಬಂತು, ಮೇಡಂ ಮೇಲೆ ಸ್ವಲ್ಪ, ತನ್ನ ಮೇಲೆ ಬಹಳ. ಆ ಪುಟ ತೆಗೆಯದಿದ್ದರೆ ಇನ್ನು ಮುಂದೆ ಒಂದು ಸಾಲೂ ಬರೆಯುವುದಿಲ್ಲವೆಂದಳು. ಮೇಡಂ ಬೇಸರದ ಮುಖ ಮಾಡಿ, ಯಾರಿಗೋ ಫೋನ್ ಹಚ್ಚಿ, ಆಗಲಿ ಎಂದರು. ಎರಡು ದಿನದಲ್ಲಿ ಪುಟ ಹೋಗಿತ್ತು. ಅದೇ ಜಾಗದಲ್ಲಿ ಲಕ್ಷಣ, ಕಾರಣ, ಚಿಕಿತ್ಸೆ ಎಂದು ಅವಳು ಮೊದಲು ಬರೆದದ್ದೇ ಬಂದು ಕೂತಿತ್ತು.

ಅದನ್ನು ನೋಡಿದ ದಿನ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದರು. ಗಂಡನಿಗೂ ಅವತ್ತು ರಜೆ. ಅವಳು ತಟ್ಟೆಯ ಅಂಚು ಹಿಡಿದುಕೊಂಡು ಹೇಳಿದಳು. "ಆ ಪುಟ ತೆಗೆಸಿದೀನಿ. ಇನ್ನು ಯಾರಿಗೂ ಕಾಣಲ್ಲ."

"ಎಲ್ಲರೂ ಓದಿ ಆದ ಮೇಲೆ," ಎಂದರು ಅತ್ತೆ. ಆದರೂ ಅವಳ ತಟ್ಟೆಗೆ ತರಕಾರಿ ಬಡಿಸಿದರು. ವಾರಗಳ ಮೇಲೆ ಅದೇ ಮೊದಲು.

ಮಾವನ ಕೈಯ ತುತ್ತು ತಟ್ಟೆಗೆ ಬಿತ್ತು. "ತೆಗೆದುಬಿಟ್ಯಾ?" ಎಂದರು.

"ಹೌದು ಮಾವ. ಪೂರ್ತಿ."

ಅವರು ಅರ್ಧ ಊಟದಲ್ಲೇ ಎದ್ದರು. ಕೈ ತೊಳೆದು ಅಂಗಡಿಗೆ ಹೋಗಿ, ಪರದೆ ಎಳೆದುಕೊಂಡರು. ಮೇಜಿನ ಸುತ್ತ ಕೂತವರು ಒಬ್ಬರ ಮುಖ ಒಬ್ಬರು ನೋಡಿದರು. ತೆಗೆಸಿದ್ದೂ ತಪ್ಪಾಯಿತೇ ಎಂದು ಸೊಸೆಗೆ ತಿಳಿಯಲಿಲ್ಲ.

ಮಾರನೆಯ ಮಧ್ಯಾಹ್ನ, ಗಂಡ ಡಿಪೋಗೆ, ಗುಬ್ಬಿ ಶಾಲೆಗೆ ಹೋಗಿದ್ದಾಗ, ಮಾವ ಬಂದು ಮೇಜಿನ ಇನ್ನೊಂದು ತುದಿಯ ಕುರ್ಚಿ ಎಳೆದು ಕೂತರು. ಅವಳು ಕೆಲಸ ಮಾಡುವಾಗ ಅವರು ಎಂದೂ ಅಲ್ಲಿ ಕೂತವರಲ್ಲ. ಅವಳು ಲ್ಯಾಪ್‌ಟಾಪ್ ಮುಚ್ಚಿದಳು.

"ಆ ಪುಟ ಮತ್ತೆ ಹಾಕೋಕಾಗಲ್ವಾ?"

"ಮಾವ?"

"ದಿನಾ ಓದ್ತಿದ್ದೆ ನಾನು. ಗುಬ್ಬಿ ನನ್ನ ಫೋನಿಗೆ ಹಾಕ್ಕೊಟ್ಟಿದ್ದಳು. ಮೊದಲಿನ ಭಾಗ ಅಲ್ಲ, ಅದು ನಂಗೆ ಗೊತ್ತಿರೋದೇ. ಕೊನೇದು."

ಅವರು ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡರು.

"ವಕೀಲರು ಓದಿದ ದಿನ ಸಿಟ್ಟು ಬಂತು. ಸುಳ್ಳು ಯಾಕೆ ಹೇಳ್ಲಿ, ನಿನ್ನ ಮುಖ ನೋಡಬಾರದು ಅನ್ನಿಸ್ತು. ಆಮೇಲೆ ಒಬ್ಬನೇ ಕೂತು ಪೂರ್ತಿ ಓದಿದೆ. ಒದ್ದೆ ಬಟ್ಟೆ ಹಿಂಡಿ ಹಿಂಡಿ ಅವನ ಕೈ ಹಿಡಿತಕ್ಕೆ ಬಂತು ಅಂತ ಬರ್ದಿದ್ಯಲ್ಲ. ನಾನೂ ಶುರು ಮಾಡಿದೆ. ನಿಮ್ಮತ್ತೆಗೆ ಹೇಳಿಲ್ಲ, ನಗ್ತಾಳೆ." ಅವರು ಕೈಗಳನ್ನು ಮೇಜಿನ ಮೇಲಿಟ್ಟರು. ಬೆರಳ ಸಂದುಗಳಲ್ಲಿ ಚರ್ಮ ಬೆಳ್ಳಗೆ ಸುಲಿದಿತ್ತು. ಕೈಗಳು ಎಂದಿನಂತೆಯೇ ನಡುಗುತ್ತಿದ್ದವು. "ಆ ಕ್ಲಿನಿಕ್‌ಗೂ ಹೋಗಿದ್ದೆ. ದಾರ ತರ್ತೀನಿ ಅಂತ ಹೇಳಿ ಹೋದೆ. ಡಾಕ್ಟ್ರು ಒಳ್ಳೆಯವರು. ಮಾತ್ರೆ ಕೊಟ್ರು. ನಡುಕ ಸ್ವಲ್ಪ ತಗ್ಗಬಹುದು, ವಾಸಿಯಾಗೋ ಕಾಯಿಲೆ ಅಲ್ಲ, ಕತ್ತರಿ ಹಿಡಿಯೋ ಮಾತು ಬಿಟ್ಬಿಡಿ ಅಂದ್ರು. ನಾನು ಬಿಡಲಿಲ್ಲ. 'ಮತ್ತೆ ನಿಮ್ಮ ಆ ದರ್ಜಿಗೆ ವಾಸಿ ಮಾಡಿದ್ರಲ್ಲ ಸ್ವಾಮಿ,' ಅಂದೆ. 'ಯಾವ ದರ್ಜಿ?' ಅಂದ್ರು. ಫೋನ್ ತೆಗೆದು ತೋರಿಸಿದೆ. ಓದಿ ನಕ್ಕುಬಿಟ್ರು. 'ಇದನ್ನ ಬರೆದವರನ್ನೇ ಕೇಳ್ಬೇಕು,' ಅಂದ್ರು."

ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ನಿಂತಿತ್ತು. ಅತ್ತೆ ಬಾಗಿಲಲ್ಲಿ ನಿಂತಿದ್ದರು.

"ಅದಕ್ಕೇ ಕೇಳ್ತಿದೀನಿ. ಮೊದಲರ್ಧ ನಾನು, ಸರಿ. ಆ ಕೊನೆಯವನು ಯಾರಮ್ಮ? ಎಲ್ಲಿರ್ತಾನೆ? ನಂಗೇನೂ ಬೇಡ ಅವನಿಂದ. ಒಂದ್ಸಲ ಹೋಗಿ, ಅವನು ಕತ್ತರಿ ಹಿಡಿಯೋದು ನೋಡಿ ಬಂದ್ಬಿಡ್ತೀನಿ."

"ಮಾವ, ಅವನು ಇಲ್ಲ."

"ತೀರಿಕೊಂಡ್ನಾ?"

"ಇಲ್ಲ ಮಾವ. ಅವನು ಇರಲೇ ಇಲ್ಲ. ನಾನೇ ಕಟ್ಟಿದ್ದು."

"ಬಟ್ಟೆ ಹಿಂಡೋದು?"

"ಅದೂ ನಾನೇ."

ಮಾವ ಸುಲಿದ ಬೆರಳುಗಳನ್ನು ನೋಡಿಕೊಂಡರು. "ಯಾಕೆ?" ಎಂದರು. ಸಿಟ್ಟಿನಿಂದಲ್ಲ, ಇನ್ನೊಬ್ಬ ದರ್ಜಿಯ ಹೊಲಿಗೆ ನೋಡಿ ಇಲ್ಲಿ ಯಾಕೆ ಹೀಗೆ ಮಡಿಸಿದೆ ಎಂದು ಕೇಳುವಂತೆ ಕೇಳಿದರು.

"ಕೊನೆಗೆ ಒಳ್ಳೇದಾಗ್ಲೇಬೇಕು ಮಾವ. ಇಲ್ದಿದ್ರೆ ಓದಿದವರು ಕ್ಲಿನಿಕ್‌ಗೆ ಫೋನ್ ಮಾಡಲ್ಲ."

"ಓ." ಅವರು ತಲೆಯಾಡಿಸಿದರು. "ಸರಿ. ಚೆನ್ನಾಗಿ ಬರ್ದಿದ್ದೆ. ನಂಬಿಬಿಟ್ಟೆ."

ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಅತ್ತೆಯಾದರೂ ಏನಾದರೂ ಅನ್ನುತ್ತಾರೆಂದು ಬಾಗಿಲ ಕಡೆ ನೋಡಿದಳು. ಅತ್ತೆ ಸೆರಗಿನ ತುದಿಯನ್ನು ಬಾಯಿಗಿಟ್ಟುಕೊಂಡು ಒಳಗೆ ಹೋಗಿಬಿಟ್ಟರು. ತನ್ನ ಕಣ್ಣಿಗೆ ನೀರು ಬಂದದ್ದಕ್ಕೂ ಅವಳಿಗೆ ನಾಚಿಕೆಯಾಯಿತು. ಅಳುವ ಹಕ್ಕು ಆ ಮನೆಯಲ್ಲಿ ಬೇರೆ ಯಾರಿಗಾದರೂ ಇತ್ತು, ಅವಳಿಗಿರಲಿಲ್ಲ.

ಮಾವ ಮೇಜಿಗೆ ಅಂಗೈಯೂರಿ ಎದ್ದರು. "ಸ್ವಲ್ಪ ಮಲಗ್ತೀನಿ. ಅಂಗಡಿ ಕಡೆ ನೋಡ್ಕೋ. ಯಾರಾದ್ರೂ ಬಟ್ಟೆ ತಂದ್ರೆ ತಗೋಬೇಡ. ಇನ್ನು ಕತ್ತರಿಸಲ್ಲ ಅಂತ ಹೇಳ್ಬಿಡು."

"ನಾನಾ ಮಾವ?"

"ನಂಗೆ ಹೇಳೋಕೆ ಬಾಯಿ ಬರಲ್ಲ. ನೀನಾದ್ರೆ ಎಲ್ಲರಿಗೂ ಅರ್ಥ ಆಗೋ ಹಾಗೆ ಹೇಳ್ತೀಯ."

ಅಂಗಡಿಯ ಪಕ್ಕಕ್ಕೇ ಮಾವನ ಕೋಣೆ, ನಡುವೆ ತೆಳುವಾದ ಹಲಗೆಯ ಗೋಡೆ. ಸೊಸೆ ಮಾವನ ಸ್ಟೂಲಿನ ಮೇಲೆ ಕೂರಲಾರದೆ ನಿಂತೇ ಇದ್ದಳು. ಯಾರೂ ಬಾರದಿರಲಿ ಎಂದು ಬೇಡಿಕೊಂಡಳು. ಬಿಸಿಲು ಇಳಿಯುವ ಹೊತ್ತಿಗೆ ಒಬ್ಬ ಹುಡುಗಿ ಬಂದಳು. ಹೊಸ ಮುಖ, ಈ ಬೀದಿಯವಳಲ್ಲ. ಎದೆಗೆ ಬಟ್ಟೆಯ ಕಟ್ಟು ಅವುಚಿಕೊಂಡಿದ್ದಳು.

"ಕೋಟು ಹೊಲಿಸಬೇಕಿತ್ತು. ಮೊದಲನೇ ಕೆಲಸ, ಬರೋ ತಿಂಗಳು ಸೇರಬೇಕು. ನಮ್ಮ ತಂದೆ ಕೋಟೂ ಇಲ್ಲೇ ಹೊಲಿಸಿದ್ದಂತೆ. ಹೊಲಿಸೋದಾದ್ರೆ ಮಾಸ್ಟರ್ ಹತ್ರಾನೇ ಹೊಲಿಸು ಅಂದ್ರು."

"ಸದ್ಯಕ್ಕೆ ಇಲ್ಲಿ…" ಎಂದು ಸೊಸೆ ಶುರು ಮಾಡಿದಳು.

"ನಿಧಾನ ಆದ್ರೂ ಪರವಾಗಿಲ್ಲ, ಕಾಯ್ತೀನಿ."

"ಅದಲ್ಲ. ಮಾಸ್ಟರು ಈಗ ಹೊಸ ಕೆಲಸ ತಗೊಳ್ಳೋದನ್ನ ಸ್ವಲ್ಪ…" ಮಾತುಗಳು ತಾವಾಗಿಯೇ ಬರುತ್ತಿದ್ದವು, ನುಣ್ಣಗೆ, ಒಂದರ ಹಿಂದೆ ಒಂದು, ಯಾರಿಗೂ ನೋವಾಗದ ಹಾಗೆ. ಹುಡುಗಿ ಅರ್ಥವಾಗದೆ ನೋಡುತ್ತಿದ್ದಳು. ಹಲಗೆಯ ಆಚೆ ಸದ್ದಿರಲಿಲ್ಲ. ಸೊಸೆ ಬಾಯಿ ಮುಚ್ಚಿ, ನೆಲ ನೋಡಿಕೊಂಡು, ಮತ್ತೆ ತೆರೆದಳು.

"ಮಾಸ್ಟರಿಗೆ ಕೈ ನಡುಗುತ್ತೆ. ಇನ್ನು ಬಟ್ಟೆ ಕತ್ತರಿಸೋಕಾಗಲ್ಲ."

"ಅಯ್ಯೋ. ವಾಸಿ ಆಗುತ್ತಲ್ವಾ?"

ಒಳಗೆ ಮಂಚ ಕಿರುಗುಟ್ಟಿತು. ಮಾವ ಎದ್ದು ಕೂತಿರಬೇಕು.

"ಇಲ್ಲ," ಎಂದಳು ಸೊಸೆ. "ಆಗಲ್ಲ."

ಹುಡುಗಿ ಇನ್ನೇನೋ ಹೇಳಿದಳು, ಪಾಪ ಎಂದಿರಬೇಕು, ಮತ್ತೆ ಬೇರೆ ದರ್ಜಿ ಎಲ್ಲಿದ್ದಾರೆಂದು ಕೇಳಿ ಮೆಟ್ಟಿಲಿಳಿದು ಹೋದಳು. ಸೊಸೆ ಅಲ್ಲೇ ನಿಂತಳು. ಒಳಗೆ ಹೋಗಲು ಮುಖವಿರಲಿಲ್ಲ.

"ಹೋದಳಾ?" ಹಲಗೆಯ ಆಚೆಯಿಂದ ಮಾವ ಕೇಳಿದರು.

"ಹೋದಳು ಮಾವ."

"ಬಟ್ಟೆ ಯಾವುದು ತಂದಿದ್ದಳು? ಉಣ್ಣೇದಾ?"

ಅವಳಿಗೆ ಗೊತ್ತಿರಲಿಲ್ಲ. ಆ ಕಟ್ಟಿನೊಳಗಿದ್ದದ್ದು ಯಾವ ಬಟ್ಟೆ ಎಂದು ಅವಳು ನೋಡಿರಲಿಲ್ಲ. ಉಣ್ಣೆಯದೇ, ಒಳ್ಳೆಯ ಬೂದು ಬಣ್ಣದ್ದು ಎಂದು ಹೇಳಿಬಿಡುವುದು ಸುಲಭವಾಗಿತ್ತು, ನಾಲಗೆಯ ತುದಿಗೂ ಬಂದಿತ್ತು.

"ನೋಡಲಿಲ್ಲ ಮಾವ," ಎಂದಳು.